ಅನಾಕಲಾಂಗಿನ ಸಾವಿನ ಮನೆಯಿಂದ ತಮ್ಮನಿಗೆ ಕರೆ ಬಂದಿದೆ: ಮಾಂಸದ ಪಾಲನ್ನು ಬೇಡ ಎನ್ನಬಹುದೇ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನಾಲ್ಕು ವರ್ಷಗಳಿಂದ ಜಕಾರ್ತಾದಲ್ಲಿ ಕೆಲಸದಲ್ಲಿದ್ದಾನೆ. ಅವನೊಂದಿಗೆ ಎರಡು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳೆಯ ಸುಂಬಾ ದ್ವೀಪದವನು, ಅಲ್ಲಿನ ಅನಾಕಲಾಂಗು ಜನರಿಗೆ ಸೇರಿದವನು. ಆ ಗೆಳೆಯನ ಅಜ್ಜ ತೀರಿಕೊಂಡಿದ್ದಾರೆ. ಮಣ್ಣು ಮಾಡುವ ದಿನಕ್ಕೆ ಇನ್ನೂ ಮೂರು ವಾರವಿದೆಯಂತೆ. ಅಲ್ಲಿಯವರೆಗೆ ದೇಹವನ್ನು ಬಟ್ಟೆಗಳಲ್ಲಿ ಸುತ್ತಿ ಮನೆಯೊಳಗೇ ಇರಿಸಿದ್ದಾರೆ. ಗೆಳೆಯ ನನ್ನ ತಮ್ಮನನ್ನು ಬಾ ಎಂದು ಕರೆದಿದ್ದಾನೆ.

ಇದರಿಂದ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಗುತ್ತಿದೆ. ಅಮ್ಮನ ಮೊದಲ ಪ್ರಶ್ನೆ, ಸಾವಿಗೆ ಯಾರಾದರೂ ಕರೆಯುತ್ತಾರೆಯೇ, ಕೇಳಿದ ಕೂಡಲೇ ಹೋಗಬೇಕಾದ ಜಾಗವಲ್ಲವೇ ಅದು ಎಂಬುದು. ಅಪ್ಪನಿಗೆ ಬೇರೆಯೇ ಚಿಂತೆ. ಅಲ್ಲಿ ಕೋಣ, ಹಂದಿ, ಕುದುರೆಗಳನ್ನು ಕಡಿಯುತ್ತಾರೆ, ಅದು ಪ್ರೇತಪೂಜೆ, ಸತ್ತವರ ಹೆಸರಿನಲ್ಲಿ ಬದುಕಿದವರು ಸಾಲಗಾರರಾಗುತ್ತಾರೆ ಎಂದು ಅವರು ಎಲ್ಲೋ ಓದಿದ್ದಾರೆ. ನಾವು ತಲೆಮಾರುಗಳಿಂದ ಮಾಂಸ ಮುಟ್ಟದವರು. ಗೆಳೆಯ ತಮ್ಮನಿಗೆ ಹೇಳಿದ್ದು ಒಂದೇ ಮಾತು: ನೀನು ತಿನ್ನದಿದ್ದರೂ ಪರವಾಗಿಲ್ಲ, ಆದರೆ ನಿನ್ನ ಪಾಲಿನ ಮಾಂಸವನ್ನು ಬೇಡ ಎನ್ನಬೇಡ. ಈ ಮಾತಿನ ಅರ್ಥ ನಮಗೆ ತಿಳಿಯುತ್ತಿಲ್ಲ. ಆ ಜನರ ನಂಬಿಕೆ ಏನು, ತಮ್ಮ ಏನು ತೆಗೆದುಕೊಂಡು ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ನೆರೆಮನೆ:
ಹೋಗಲಿ. ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವನ ಅಜ್ಜನ ಸಾವಿಗೆ ಹೋಗದೆ ಇನ್ನು ಯಾವುದಕ್ಕೆ ಹೋಗಬೇಕು?

ಕಡಲದಾರಿ:
ನಾನು ತಿಮೋರ್ ದ್ವೀಪದ ಕುಪಾಂಗ್ ಪಟ್ಟಣದಲ್ಲಿ ಆರು ವರ್ಷ ಇದ್ದವನು. ಸುಂಬಾಕ್ಕೆ ಮೂರು ಸಲ ಹೋಗಿದ್ದೇನೆ, ಅದರಲ್ಲಿ ಒಂದು ಸಲ ಸಾವಿನ ಮನೆಗೇ ಹೋಗಿದ್ದೆ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಸುಂಬಾ ಇಂಡೊನೇಷ್ಯಾದ ಪೂರ್ವ ನುಸಾ ತೆಂಗಾರ ಪ್ರಾಂತ್ಯದ ಒಂದು ದ್ವೀಪ. ಪೂರ್ವದ ವೈಂಗಾಪು ಪಟ್ಟಣದಿಂದ ಪಶ್ಚಿಮದ ವೈಕಬುಬಾಕ್‌ಗೆ ಹೋಗುವ ಹೆದ್ದಾರಿಯಲ್ಲಿ, ವೈಕಬುಬಾಕ್ ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ಇರುವಾಗ ಅನಾಕಲಾಂಗ್ ಸಿಗುತ್ತದೆ. 2007ರಲ್ಲಿ ಪಶ್ಚಿಮ ಸುಂಬಾ ಜಿಲ್ಲೆಯನ್ನು ಒಡೆದು ಮಧ್ಯ ಸುಂಬಾ ಎಂಬ ಹೊಸ ಜಿಲ್ಲೆ ಮಾಡಿದರು, ಈ ಜನರ ನೆಲ ಅದರೊಳಗೆ ಬರುತ್ತದೆ. ಕಣಿವೆಯಲ್ಲಿ ಭತ್ತದ ಗದ್ದೆಗಳು, ದಿಬ್ಬಗಳ ಮೇಲೆ ಹಳೆಯ ಊರುಗಳು, ಊರಿನ ನಡುವಿನ ಬಯಲಿನಲ್ಲಿ ಕಲ್ಲಿನ ಗೋರಿಗಳು. ಗೋರಿಗಳ ಎದುರಿಗೇ ಮನೆಗಳ ಜಗಲಿ. ಮಕ್ಕಳು ಆ ಚಪ್ಪಡಿಗಳ ಮೇಲೆ ಆಡುತ್ತಾರೆ, ಹೆಂಗಸರು ಅದರ ಮೇಲೇ ಭತ್ತ ಒಣಗಿಸುತ್ತಾರೆ. ಸತ್ತವರನ್ನು ಊರಿನಾಚೆ ಕಳುಹಿಸುವ ಪದ್ಧತಿ ಅಲ್ಲಿಲ್ಲ.

ಅವರ ಮೂಲ ಧರ್ಮದ ಹೆಸರು ಮರಾಪು. ಮರಾಪು ಎಂದರೆ ಕುಲದ ಹಿರಿಯರು, ಮೊದಲ ಪೂರ್ವಜರು. ಮೇಲೆ ಒಬ್ಬ ಸೃಷ್ಟಿಕರ್ತನಿದ್ದಾನೆ ಎಂದು ನಂಬುತ್ತಾರೆ, ಆದರೆ ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ತಾಯಿ ಮತ್ತು ತಂದೆ ಎಂಬ ಜೋಡಿ ಬಿರುದುಗಳಿಂದ ಸುತ್ತುಬಳಸಿ ಹೇಳುತ್ತಾರೆ. ಮನುಷ್ಯರ ಮಾತು ಅಷ್ಟು ಎತ್ತರಕ್ಕೆ ನೇರವಾಗಿ ಮುಟ್ಟದು, ಅದನ್ನು ಮರಾಪುಗಳೇ ಒಯ್ದು ಮುಟ್ಟಿಸಬೇಕು. ಮನೆಯ ಕಟ್ಟಡದಲ್ಲೂ ಇದೇ ಲೆಕ್ಕ ಕಾಣುತ್ತದೆ: ಮಾಡಿನ ಮೇಲೆ ಗೋಪುರದಂತೆ ಏರಿದ ಹುಲ್ಲಿನ ಶಿಖರದೊಳಗೆ ಹಿರಿಯರ ಚಿನ್ನ ಮತ್ತು ಪವಿತ್ರ ವಸ್ತುಗಳು, ನಡುವಿನ ಅಟ್ಟಣೆಯಲ್ಲಿ ಮನುಷ್ಯರು, ಕೆಳಗೆ ಕಂಬಗಳ ನಡುವೆ ಹಂದಿ ಮತ್ತು ಕುದುರೆಗಳು. ಇದನ್ನು ಪ್ರೇತಪೂಜೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಪಿತೃಪಕ್ಷ ಮಾಡುವ ನಾವು ಆ ಪದವನ್ನು ಇನ್ನೊಬ್ಬರ ಮೇಲೆ ಬಳಸುವ ಮೊದಲು ಸ್ವಲ್ಪ ಯೋಚಿಸಬೇಕು.

ನೇರನುಡಿ:
ಕಡಲದಾರಿಯವರ ವಿವರಣೆ ಚೆನ್ನಾಗಿದೆ, ಆದರೆ ಹೊಳೆದಂಡೆಯವರ ತಂದೆಯ ಪ್ರಶ್ನೆಗೆ ಅದು ಉತ್ತರವಲ್ಲ. ಪೂರ್ವ ನುಸಾ ತೆಂಗಾರ ಇಂಡೊನೇಷ್ಯಾದ ಬಡ ಪ್ರಾಂತ್ಯಗಳಲ್ಲೊಂದು. ಗದ್ದೆ ತುಳಿಸಲು ಬೇಕಾದ ಕೋಣವನ್ನು, ಮಗನ ಓದಿನ ಶುಲ್ಕ ಆಗಬೇಕಾದ ಕೋಣವನ್ನು ಒಂದೇ ಮಧ್ಯಾಹ್ನದಲ್ಲಿ ಕಡಿದು ಹಾಕುವುದನ್ನು ಸಂಸ್ಕೃತಿ ಎಂದು ಹೊಗಳಲು ನನ್ನಿಂದ ಸಾಧ್ಯವಿಲ್ಲ. ಅದೇ ಜನ ಕುದುರೆ ಮೇಲೆ ಕುಳಿತು ಈಟಿ ಎಸೆದು ರಕ್ತ ಹರಿಸುವ ಪಸೋಲಾ ಎಂಬ ಆಟವನ್ನೂ ಆಡುತ್ತಾರೆ. ಮದುವೆಗೆ ಹೆಣ್ಣನ್ನು ಕುದುರೆ ಕೊಟ್ಟು ಕೊಳ್ಳುತ್ತಾರೆ. ಇವನ್ನೆಲ್ಲ ಪ್ರಶ್ನಿಸಬಾರದೇ?

ಕಡಲದಾರಿ:
ಒಂದು ತಿದ್ದುಪಡಿ. ಪಸೋಲಾ ನಡೆಯುವುದು ಕೋಡಿ, ಲಂಬೋಯಾ, ವನುಕಾಕಾ ಮುಂತಾದ ಪಶ್ಚಿಮದ ಕಡಲ ಬದಿಯ ಸೀಮೆಗಳಲ್ಲಿ, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ, ಕಡಲತೀರಕ್ಕೆ ನ್ಯಾಲೆ ಎಂಬ ಸಮುದ್ರದ ಹುಳುಗಳು ಬರುವ ಕಾಲಕ್ಕೆ. ಅನಾಕಲಾಂಗಿನವರದು ಒಳನಾಡು. ಅವರ ದೊಡ್ಡ ಆಚರಣೆ ಪುರುಂಗ್ ತಾ ಕಡೋಂಗಾ, ಅಂದರೆ ಕಣಿವೆಗೆ ಇಳಿಯುವುದು. ಸುಂಬಾದಲ್ಲಿ ಹತ್ತಾರು ಸೀಮೆ, ಹತ್ತಿರ ಹತ್ತಿರದ ಹಲವು ಭಾಷೆಗಳಿವೆ. ಒಬ್ಬರ ಆಚರಣೆಯನ್ನು ಇನ್ನೊಬ್ಬರ ಹೆಸರಿಗೆ ಬರೆಯಬಾರದು.

ಹಳೆಹೊತ್ತಿಗೆ:
ನಾನು ಮಾನವಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದವಳು, ಈಗ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಮೆರಿಕದ ವಿದ್ವಾಂಸ ವೆಬ್ ಕೀನ್ 1980ರ ದಶಕದಲ್ಲಿ ಅನಾಕಲಾಂಗಿನಲ್ಲಿದ್ದು ಅಧ್ಯಯನ ಮಾಡಿದರು. ಅವರ ಬರಹವನ್ನು ಓದಿದ ಬಲದಿಂದ ನೇರನುಡಿಯವರ ‘ಕೊಳ್ಳುತ್ತಾರೆ’ ಎಂಬ ಪದಕ್ಕೆ ತಕರಾರು ಎತ್ತುತ್ತಿದ್ದೇನೆ.

ನಮ್ಮ ಕಡೆ ಹೆಣ್ಣು ಕೊಟ್ಟವರೂ ಬೀಗರೇ, ಹೆಣ್ಣು ತಂದವರೂ ಬೀಗರೇ. ಅನಾಕಲಾಂಗಿನಲ್ಲಿ ಹಾಗಲ್ಲ. ಹೆಣ್ಣು ಕೊಟ್ಟ ಮನೆಯವರು ಯೆರಾ, ಹೆಣ್ಣು ಪಡೆದ ಮನೆಯವರು ಲಾಯಿಯಾ. ಯೆರಾ ಮೇಲಿನವರು, ಏಕೆಂದರೆ ಅವರು ಜೀವ ಕೊಟ್ಟವರು. ಯೆರಾ ಕಡೆಯಿಂದ ಯಾವಾಗಲೂ ಬಟ್ಟೆ ಮತ್ತು ಹಂದಿ ಬರುತ್ತವೆ. ಲಾಯಿಯಾ ಕಡೆಯಿಂದ ಕುದುರೆ, ಕೋಣ ಮತ್ತು ಮಮುಲಿ ಎಂಬ ಚಿನ್ನದ ಕಿವಿಯಾಭರಣ ಹೋಗುತ್ತವೆ. ಈ ದಿಕ್ಕು ಎಂದೂ ತಿರುಗುವುದಿಲ್ಲ. ಇದು ಒಂದು ದಿನದಲ್ಲಿ ಮುಗಿಯುವ ವ್ಯವಹಾರವೂ ಅಲ್ಲ. ಮದುವೆ, ಮನೆ ಕಟ್ಟುವುದು, ಸಾವು, ಗೋರಿಯ ಕಲ್ಲು ಎಳೆಯುವುದು, ಪ್ರತಿಯೊಂದಕ್ಕೂ ಎರಡೂ ಕಡೆಯವರು ತಂದು ಕೊಡಬೇಕು, ತೆಗೆದುಕೊಳ್ಳಬೇಕು. ಕೊಂಡವನಿಗೂ ಮಾರಿದವನಿಗೂ ಹಣ ಕೈಬದಲಾದ ಮೇಲೆ ಸಂಬಂಧವಿಲ್ಲ. ಇಲ್ಲಿ ಕೊಟ್ಟ ಮೇಲೆಯೇ ಸಂಬಂಧ ಶುರುವಾಗುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಪದ ತೆರ ಅಲ್ಲ, ಮುಯ್ಯಿ. ಮದುವೆ ಚಪ್ಪರದಲ್ಲಿ ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಹತ್ತು ವರ್ಷದ ನಂತರ ಅವರ ಮನೆಯ ಮದುವೆಗೆ ಹೋಗುವ ಮೊದಲು ಆ ಪುಸ್ತಕ ತೆರೆದು ನೋಡುವ ನಮ್ಮ ಅಜ್ಜಂದಿರನ್ನು ನೆನೆಸಿಕೊಳ್ಳಿ.

ಈಗ ಮಾಂಸದ ವಿಷಯ. ಸಾವಿನ ದಿನ ಕಡಿದ ಪ್ರಾಣಿಯ ಮಾಂಸವನ್ನು ಅಲ್ಲೇ ಬೇಯಿಸಿ ಎಲ್ಲರಿಗೂ ಬಡಿಸುವುದು ಒಂದು ಭಾಗ ಮಾತ್ರ. ಹೆಚ್ಚಿನದನ್ನು ಹಸಿಯಾಗಿಯೇ ಪಾಲು ಮಾಡಿ, ಯಾವ ಮನೆಗೆ ಯಾವ ಭಾಗ ಸಲ್ಲಬೇಕೋ ಅದನ್ನು ಲೆಕ್ಕವಿಟ್ಟು ಕೊಟ್ಟು ಕಳುಹಿಸುತ್ತಾರೆ. ಪಾಲು ಸಿಕ್ಕಿತು ಎಂದರೆ ನೀವು ಬಂದದ್ದನ್ನು ಆ ಮನೆ ಕಂಡಿದೆ ಎಂದು ಅರ್ಥ. ಬೇಡ ಎಂದರೆ, ನಿಮ್ಮೊಡನೆ ನನಗೇನೂ ಸಂಬಂಧವಿಲ್ಲ ಎಂದು ಎಲ್ಲರೆದುರು ಹೇಳಿದಂತೆ. ಗೆಳೆಯನ ಮಾತಿನ ಅರ್ಥ ಇದು.

ಮಂಡ್ಯದಹೊಲ:
ನಮ್ಮಲ್ಲಿ ಹಬ್ಬಕ್ಕೆ ಗುಡ್ಡೆ ಹಾಕಿ ಬಾಡು ಹಂಚುವಾಗಲೂ ಒಂದು ಮನೆ ಬಿಟ್ಟುಹೋದರೆ ಆ ಮಾತು ಮೂರು ವರ್ಷ ನಿಲ್ಲುತ್ತದೆ. ತಿನ್ನುವುದು ಬೇರೆ, ಪಾಲು ಬೇರೆ.

ಹೊಳೆದಂಡೆ:
ಹಳೆಹೊತ್ತಿಗೆಯವರೇ, ತುಂಬಾ ಉಪಕಾರವಾಯಿತು. ಆದರೂ ಅಪ್ಪನ ಒಂದು ಮಾತನ್ನು ಇಲ್ಲಿ ಇಡಬೇಕು. ಆ ಪ್ರಾಣಿಯನ್ನು ದೇವರಿಗೋ ಪೂರ್ವಜರಿಗೋ ಅರ್ಪಿಸಿರುತ್ತಾರೆ. ಅದನ್ನು ಕೈಯಲ್ಲಿ ತೆಗೆದುಕೊಂಡರೆ ಆ ಪೂಜೆಯಲ್ಲಿ ಭಾಗಿಯಾದಂತೆ ಅಲ್ಲವೇ? ತಿನ್ನಲಿಲ್ಲ ಎಂಬುದು ನೆಪವಷ್ಟೇ ಎಂದು ಅವರು ಹೇಳುತ್ತಾರೆ. ಅವರು ಜಗಳಕ್ಕಾಗಿ ಕೇಳುತ್ತಿಲ್ಲ, ನಿಜವಾಗಿಯೂ ಅವರಿಗೆ ಇದು ಕಾಡುತ್ತಿದೆ.

ಹಳೆಹೊತ್ತಿಗೆ:
ನಿಮ್ಮ ತಂದೆಯವರಿಗೆ ಹೇಳಿ, ಅವರ ಈ ಪ್ರಶ್ನೆಯನ್ನು ಸುಂಬಾದ ಜನರೇ ದಶಕಗಳ ಕಾಲ ಕೇಳಿಕೊಂಡಿದ್ದಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡಚ್ ಕ್ಯಾಲ್ವಿನಪಂಥದ, ಅಂದರೆ ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಶಾಖೆಯ, ಮಿಷನರಿಗಳು ಸುಂಬಾಕ್ಕೆ ಬಂದರು. ಅವರ ಶ್ರಮದಿಂದ ಬೆಳೆದ ಸುಂಬಾ ಕ್ರೈಸ್ತ ಸಭೆ 1947ರಲ್ಲಿ ಸ್ವತಂತ್ರ ಸಭೆಯಾಯಿತು. ಮರಾಪು ಪದ್ಧತಿಯಲ್ಲಿ ಮಾತಿಲ್ಲದೆ ಪ್ರಾಣಿಯನ್ನು ಕಡಿಯುವಂತಿಲ್ಲ. ಏಕೆ ಕಡಿಯುತ್ತಿದ್ದೇವೆ, ಯಾರಿಗೆ ಈ ಸುದ್ದಿಯನ್ನು ಒಯ್ಯಬೇಕು ಎಂದು ಮೊದಲು ನುಡಿಯಬೇಕು. ಆಮೇಲೆ ಕೋಳಿಯ ಕರುಳಿನಲ್ಲೋ ಹಂದಿಯ ಪಿತ್ತಜನಕಾಂಗದಲ್ಲೋ ಮರಾಪುವಿನ ಉತ್ತರವನ್ನು ಓದಬೇಕು. ಹಾಗಾದರೆ ಹೊಸದಾಗಿ ಕ್ರೈಸ್ತನಾದವನು ಅಣ್ಣನ ಮನೆಯಿಂದ ಬಂದ ಮಾಂಸದ ಪಾಲನ್ನು ಏನು ಮಾಡಬೇಕು? ಬೈಬಲಿನಲ್ಲಿ, ಕೊರಿಂಥದ ಕ್ರೈಸ್ತರಿಗೆ ಪೌಲನು ಬರೆದ ಮೊದಲ ಪತ್ರದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ಚರ್ಚೆ ಇದೆ. ಸುಂಬಾದಲ್ಲಿ ಆ ಪುಟಗಳು ಮನೆ ಮನೆಯ ಪ್ರಶ್ನೆಯಾದವು. ತೆಗೆದುಕೊಂಡರೆ ಮರಾಪುವಿನ ಪಾಲುದಾರ, ಬಿಟ್ಟರೆ ಕುಲಕ್ಕೆ ಹೊರಗು. ಮಾಂಸ ಬರೀ ಮಾಂಸ, ದೇವರಿಗೆ ಅದರಲ್ಲೇನೂ ಇಲ್ಲ ಎಂದು ಕೆಲವರು ಹೇಳಿದರು. ಮರಾಪುವಿನವರಿಗೆ ಅದು ಇನ್ನೂ ಕೆಟ್ಟ ಮಾತಾಗಿ ಕೇಳಿಸಿತು. ಒಂದು ಮಾತೂ ಆಡದೆ ಹಂದಿ ಕಡಿದು ತಿನ್ನುವ ಈ ಕ್ರೈಸ್ತರು ಬರೀ ಹೊಟ್ಟೆಗಾಗಿ ತಿನ್ನುವವರಲ್ಲವೇ ಎಂಬುದು ಅವರ ಆಕ್ಷೇಪ.

ನನ್ನ ಅಭಿಪ್ರಾಯ ಕೇಳಿದರೆ, ಕೊಡುವವರ ಮನಸ್ಸಿನಲ್ಲಿ ಆ ಪಾಲು ಯಾವುದಕ್ಕಾಗಿ ಎಂಬುದು ಮುಖ್ಯ. ನಿಮ್ಮ ತಮ್ಮನಿಗೆ ಅವರು ಮರಾಪುವನ್ನು ಕೊಡುತ್ತಿಲ್ಲ, ತಮ್ಮ ಮನೆಯಲ್ಲಿ ಒಂದು ಸ್ಥಾನವನ್ನು ಕೊಡುತ್ತಿದ್ದಾರೆ.

ನೇರನುಡಿ:
ಹಾಗಾದರೆ ಈಗ ಅಲ್ಲಿ ಹೆಚ್ಚಿನವರು ಕ್ರೈಸ್ತರೇ ಆಗಿದ್ದಾರಲ್ಲ. ಧರ್ಮ ಬದಲಾದ ಮೇಲೂ ಪ್ರಾಣಿಗಳ ಸಾಲು ಕಡಿಮೆಯಾಗಿಲ್ಲ. ಅಂದಮೇಲೆ ಇದು ನಂಬಿಕೆಯ ವಿಷಯವೇ ಅಲ್ಲ, ಪ್ರತಿಷ್ಠೆಯ ವಿಷಯ. ಮನೆಯ ಮುಂದೆ ಕೋಣದ ಕೊಂಬುಗಳನ್ನು, ಹಂದಿಯ ದವಡೆಗಳನ್ನು ಸಾಲಾಗಿ ತೂಗುಹಾಕುವುದು ಯಾವ ದೇವರಿಗಾಗಿ?

ಕಡಲದಾರಿ:
ಪ್ರತಿಷ್ಠೆ ಇದೆ, ಅದನ್ನು ಅವರೂ ಅಲ್ಲಗಳೆಯುವುದಿಲ್ಲ. ಕಡಿಯುವ ಪ್ರಾಣಿಗಳ ಸಂಖ್ಯೆಗೆ ಮಿತಿ ಹಾಕಲು ಸರ್ಕಾರವೂ ಕ್ರೈಸ್ತ ಸಭೆಯೂ ಪ್ರಯತ್ನಿಸಿವೆ. ಆದರೆ ಒಂದು ವಿಷಯವನ್ನು ನೀವು ಬಿಡುತ್ತಿದ್ದೀರಿ. ಅಲ್ಲಿ ಮಳೆ ಕಡಿಮೆ, ಬೇಸಿಗೆ ದೀರ್ಘ, ಹಸಿವಿನ ತಿಂಗಳುಗಳು ಎಂದೇ ಹೆಸರಾದ ಕಾಲವಿದೆ. ಬೇರೆ ಬೇರೆ ಕಣಿವೆಗಳ ಹತ್ತಾರು ಮನೆಗಳಲ್ಲಿ ಕೊಟ್ಟದ್ದು ತಿರುಗಿ ಬರಬೇಕಾದ್ದು ಇರುವವನು, ತನ್ನ ಗದ್ದೆ ಒಣಗಿದ ವರ್ಷ ಆ ಮನೆಗಳ ಬಾಗಿಲಿಗೆ ಹೋಗಬಲ್ಲ. ಬ್ಯಾಂಕು ಇಲ್ಲದ ನೆಲದಲ್ಲಿ ಅದೇ ಅವರ ಉಳಿತಾಯ. ಹೊಳೆದಂಡೆಯವರ ತಂದೆ ಹೇಳಿದ ಸಾಲದ ಹೊರೆ ಸುಳ್ಳಲ್ಲ. ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸಿದ ಹುಡುಗನನ್ನು ನಾನೇ ನೋಡಿದ್ದೇನೆ. ಅದೇ ಹುಡುಗನ ತಂದೆ ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚು ಕೊಟ್ಟವರು ಯೆರಾ ಕಡೆಯವರು.

ನ್ಯಾಯದೀಪ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈ ಚರ್ಚೆಯಲ್ಲಿ ಹೆಣ್ಣುಮಕ್ಕಳ ಮಾತು ಬಾರದೆ ಹೋಗಬಾರದು.

ಸುಂಬಾದಲ್ಲಿ ಕವಿನ್ ತಂಕಾಪ್, ಅಂದರೆ ಹಿಡಿದೊಯ್ದು ಮಾಡುವ ಮದುವೆ ಇಂದಿಗೂ ನಡೆಯುತ್ತದೆ. 2020ರ ಜೂನ್‌ನಲ್ಲಿ ಮಧ್ಯ ಸುಂಬಾದಲ್ಲಿಯೇ ಗಂಡಸರ ಗುಂಪು ಯುವತಿಯನ್ನು ಎತ್ತಿಕೊಂಡು ಹೋಗುವ ದೃಶ್ಯಗಳು ಇಂಡೊನೇಷ್ಯಾದಾದ್ಯಂತ ಹರಡಿದವು. ಮರುತಿಂಗಳು ಮಹಿಳಾ ಸಬಲೀಕರಣ ಸಚಿವೆ ಸುಂಬಾಕ್ಕೆ ಬಂದರು, ಇದನ್ನು ನಿಲ್ಲಿಸುತ್ತೇವೆ ಎಂಬ ಒಪ್ಪಂದಕ್ಕೆ ದ್ವೀಪದ ನಾಲ್ಕೂ ಜಿಲ್ಲೆಗಳ ಆಡಳಿತಗಾರರು ಸಹಿ ಹಾಕಿದರು. 2022ರ ಲೈಂಗಿಕ ಹಿಂಸೆಯ ಕಾನೂನಿನಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಮಾಡುವ ಬಲವಂತದ ಮದುವೆಯನ್ನು ಅಪರಾಧವೆಂದು ಹೆಸರಿಸಿದ್ದಾರೆ. ಇದನ್ನು ನಿಲ್ಲಿಸಲು ಅಲ್ಲಿನ ಹೆಂಗಸರೇ ಹೋರಾಡಿದರು, ಇದು ನಮ್ಮ ಪರಂಪರೆಯಲ್ಲ, ಪರಂಪರೆಯ ದುರುಪಯೋಗ ಎಂದರು.

ಹಳೆಹೊತ್ತಿಗೆಯವರು ಮುಯ್ಯಿಯ ಬಗ್ಗೆ ಬರೆದದ್ದನ್ನು ನಾನು ಒಪ್ಪುತ್ತೇನೆ. ಆದರೆ ಯಾವ ದಿಕ್ಕಿನಲ್ಲಿ ಏನು ಹೋಗುತ್ತದೆ ಎಂಬ ಸುಂದರ ಲೆಕ್ಕದೊಳಗೆ, ಹೋಗುತ್ತಿರುವವಳಿಗೆ ಮನಸ್ಸಿದೆಯೇ ಎಂದು ಕೇಳುವ ಸಾಲು ಒಂದು ಇರಲೇಬೇಕು.

ಹಳೆಹೊತ್ತಿಗೆ:
ನ್ಯಾಯದೀಪ ಮೇಡಂ, ನೀವು ಹೇಳಿದ್ದು ಸರಿ, ನಾನು ಅದನ್ನು ಬರೆಯಬೇಕಿತ್ತು. ಇಷ್ಟನ್ನು ಮಾತ್ರ ಸೇರಿಸುತ್ತೇನೆ: ಕ್ರಮದ ಮದುವೆಯಲ್ಲಿ ಎರಡೂ ಕಡೆಯ ವಕ್ತಾರರು ರಾತ್ರಿಯಿಡೀ ಮಾತನಾಡಿ ಒಪ್ಪಿಗೆ ಪಡೆಯಬೇಕು. ಎತ್ತಿಕೊಂಡು ಹೋಗುವವರು ಮಾತನ್ನು ಕೊನೆಗೆ ಇಟ್ಟುಕೊಂಡು ವಸ್ತುವಿನಿಂದ ಬಾಯಿ ಮುಚ್ಚಿಸಲು ನೋಡುತ್ತಾರೆ. ಆ ಸಮಾಜದ ಒಳಗಿನ ಅಳತೆಯಿಂದಲೂ ಅದು ತಪ್ಪೇ.

ನುಡಿಬೇರು:
ವಕ್ತಾರರ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಅವರನ್ನು ವುನಾಂಗ್ ಎನ್ನುತ್ತಾರೆ. ಎರಡು ಮನೆಯವರು ಎದುರುಬದುರು ಕುಳಿತಾಗ ಯಜಮಾನರು ನೇರವಾಗಿ ಮಾತನಾಡುವುದಿಲ್ಲ, ಅವರ ಪರವಾಗಿ ವುನಾಂಗ್ ಮಾತನಾಡುತ್ತಾನೆ. ಅದೂ ದಿನಬಳಕೆಯ ಮಾತಿನಲ್ಲಲ್ಲ, ಹಿರಿಯರಿಂದ ಬಂದ ಜೋಡಿ ಸಾಲುಗಳಲ್ಲಿ. ಒಂದು ಸಾಲು ಹೇಳಿದರೆ ಅದೇ ಅರ್ಥವನ್ನು ಬೇರೆ ಪದಗಳಿಂದ ಹೇಳುವ ಎರಡನೆಯ ಸಾಲು ಬರಲೇಬೇಕು. ಒಂಟಿ ಸಾಲು ಪೂರ್ವಜರ ಮಾತಾಗುವುದಿಲ್ಲ. ಮನೆ ಮಠ, ಬಂಧು ಬಳಗ, ಹೊಲ ಗದ್ದೆ ಎಂದು ಜೋಡಿಸಿ ಆಡುವ ನಮಗೆ ಅದರ ರುಚಿ ಸ್ವಲ್ಪ ಗೊತ್ತು, ಆದರೆ ಅಲ್ಲಿ ಇಡೀ ರಾತ್ರಿಯ ಸಂಧಾನವೇ ಆ ರೀತಿಯಲ್ಲಿ ಸಾಗುತ್ತದೆ. ಮತ್ತೊಂದು ನಿಯಮವೂ ಇದೆ. ಬರಿಯ ಮಾತು ನಿಲ್ಲುವುದಿಲ್ಲ, ಮಾತಿನ ಜೊತೆ ಒಂದು ವಸ್ತುವನ್ನು ಮುಂದಿಡಬೇಕು. ಬರಿಯ ವಸ್ತುವೂ ನಿಲ್ಲುವುದಿಲ್ಲ, ಅದು ಏಕೆ ಬಂದಿದೆ ಎಂದು ಮಾತು ಹೇಳಬೇಕು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಊರು ಅನಾಕಲಾಂಗ್, ಭಾಷೆಯನ್ನು ಅನಾಕಲಾಂಗು ಎನ್ನುತ್ತಾರೆ. ಪಕ್ಕದ ಕಾಂಬೇರ ಭಾಷೆಯಲ್ಲೂ ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕೊನೆಯಲ್ಲಿ ಉಕಾರ ಸೇರುತ್ತದೆ. ಬಸ್ ಎಂಬುದನ್ನು ಬಸ್ಸು ಮಾಡಿ ಸಮಾಧಾನ ಪಡುವ ನಮ್ಮ ನಾಲಿಗೆಗೂ ಇದೇ ಅಭ್ಯಾಸ. ಇವು ಆಸ್ಟ್ರೋನೇಷ್ಯನ್ ಕುಟುಂಬದ ಭಾಷೆಗಳು, ಕನ್ನಡದೊಡನೆ ರಕ್ತಸಂಬಂಧವಿಲ್ಲ. ಇದರಿಂದ ಯಾರೂ ದೊಡ್ಡ ಸಿದ್ಧಾಂತ ಕಟ್ಟಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಗಂಧದಕಾವಲು:
ಸಂಬಂಧ ಭಾಷೆಯಲ್ಲಿ ಇಲ್ಲದಿದ್ದರೂ ಮರದಲ್ಲಿ ಇದೆ. ಸುಂಬಾಕ್ಕೆ ಡಚ್ಚರ ಕಾಲದಲ್ಲಿ ಗಂಧದ ದ್ವೀಪ ಎಂದೇ ಹೆಸರಿತ್ತು. ಅಲ್ಲಿನ ಶ್ರೀಗಂಧವೂ ನಮ್ಮ ಮೈಸೂರು ಸೀಮೆಯ ಶ್ರೀಗಂಧವೂ ಒಂದೇ ಜಾತಿಯ ಮರ. ಆ ಕಡೆಯ ದ್ವೀಪಗಳಿಂದಲೇ ಅದು ಬಹು ಹಿಂದೆ ಭಾರತಕ್ಕೆ ಬಂದಿರಬಹುದು ಎಂದು ವಾದಿಸುವ ಸಸ್ಯವಿಜ್ಞಾನಿಗಳಿದ್ದಾರೆ. ಕಡಿದು ಸಾಗಿಸಿ ಅಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ಅರಣ್ಯದಲ್ಲಿ ಮೂವತ್ತು ವರ್ಷ ಗಂಧದ ಮರ ಕಾದ ನನಗೆ ಆ ಕತೆ ಓದಿದಾಗ ತುಂಬಾ ನೋವಾಯಿತು.

ಬಯಲಸೀಮೆ:
ಸೋದರಮಾವನ ಮಗಳನ್ನು ಮದುವೆಯಾಗುವುದು ಅಲ್ಲಿಯೂ ಇದೆಯೆಂದು ಕೇಳಿದ್ದೇನೆ. ಹಾಗಾದರೆ ನಮ್ಮದೇ ಪದ್ಧತಿ ಅಲ್ಲವೇ?

ಹಳೆಹೊತ್ತಿಗೆ:
ಅರ್ಧ ಮಾತ್ರ. ಸೋದರಮಾವನ ಮಗಳು ಅಲ್ಲಿ ಅತ್ಯಂತ ಯೋಗ್ಯ ಸಂಬಂಧ, ಏಕೆಂದರೆ ಅಮ್ಮ ಬಂದ ಮನೆಯಿಂದಲೇ ಹೆಂಡತಿಯೂ ಬರುತ್ತಾಳೆ, ಯೆರಾ ಯೆರಾ ಆಗಿಯೇ ಉಳಿಯುತ್ತಾರೆ. ನಮ್ಮಲ್ಲಿ ಸೋದರತ್ತೆಯ ಮಗಳನ್ನೂ ತರಬಹುದು. ಅನಾಕಲಾಂಗಿನಲ್ಲಿ ಅದು ಸಲ್ಲದು, ತಾವು ಯಾರಿಗೆ ಹೆಣ್ಣು ಕೊಟ್ಟರೋ ಆ ಮನೆಯಿಂದಲೇ ಹೆಣ್ಣು ತಂದರೆ ನೀರು ಹಿಂದಕ್ಕೆ ಹರಿದಂತೆ.

ಕಡಲದಾರಿ:
ಹೊಳೆದಂಡೆಯವರೇ, ತಮ್ಮನಿಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಯಾವ ಮನೆಗೆ ಹೋದರೂ ಮೊದಲು ಅಡಿಕೆಯ ಬುಟ್ಟಿ ಮುಂದೆ ಬರುತ್ತದೆ. ಅಲ್ಲಿ ಹೆಚ್ಚಾಗಿ ವೀಳ್ಯದ ಎಲೆಯ ಬದಲು ಆ ಬಳ್ಳಿಯ ಉದ್ದನೆಯ ಕಾಯಿಯನ್ನು ಅಡಿಕೆ ಮತ್ತು ಸುಣ್ಣದೊಂದಿಗೆ ಜಗಿಯುತ್ತಾರೆ. ಅಭ್ಯಾಸವಿಲ್ಲದಿದ್ದರೆ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಬುಟ್ಟಿಯನ್ನು ಹಿಂದಕ್ಕೆ ತಳ್ಳಬಾರದು. ತಾನೂ ಅಡಿಕೆ, ಸಕ್ಕರೆ, ಕಾಫಿಪುಡಿ ತೆಗೆದುಕೊಂಡು ಹೋಗಲಿ. ಗೋರಿಗಳ ಮೇಲೆ ಅವರು ಕುಳಿತರೂ ಇವನು ಕೇಳದೆ ಕುಳಿತುಕೊಳ್ಳಬಾರದು, ಕೇಳದೆ ಚಿತ್ರ ತೆಗೆಯಬಾರದು. ಊಟಕ್ಕೆ ಮುಂಚೆಯೇ ಗೆಳೆಯನ ಮೂಲಕ ತಾನು ಮಾಂಸ ತಿನ್ನುವುದಿಲ್ಲ ಎಂದು ಹೇಳಿಸಿದರೆ ಅನ್ನ ಮತ್ತು ಸೊಪ್ಪು ಸಿಗುತ್ತದೆ. ಪಾಲು ಬಂದಾಗ ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ಜೊತೆ ಬಂದ ಗುಂಪಿನ ಯಾರಿಗಾದರೂ ಕೊಡಲಿ.

ಸಮಯ ಸಿಕ್ಕರೆ ಪಸುಂಗಾ ಊರಿನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಇರುವ ಗೋರಿಯನ್ನು ನೋಡಲಿ. 1926ರಲ್ಲಿ ನಿಲ್ಲಿಸಿದರೆಂದು ಹೇಳುವ ನೆಟ್ಟಗಲ್ಲಿನ ಮೇಲೆ ಒಬ್ಬ ಗಂಡು, ಒಬ್ಬ ಹೆಣ್ಣು ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಗಲ್ಲು ಬಾಕುಲ್ ಊರಿನ ಚಪ್ಪಡಿ ಎಪ್ಪತ್ತು ಟನ್ ತೂಗುತ್ತದೆಂದು ಹೇಳುತ್ತಾರೆ. ಅಂಥ ಕಲ್ಲುಗಳನ್ನು ಮರದ ಜಾರುಬಂಡಿಯ ಮೇಲೆ ಏರಿಸಿ, ಅಡಿಗೆ ದಿಮ್ಮಿಗಳನ್ನು ಹಾಕಿ, ನೂರಾರು ಜನ ಹಗ್ಗ ಹಿಡಿದು ಎಳೆಯುತ್ತಿದ್ದರು. ಕಲ್ಲಿನ ಮೇಲೆ ಬಟ್ಟೆಯನ್ನು ಹಾಯಿಯಂತೆ ಏರಿಸಿ ಅದನ್ನು ಹಡಗೆಂದೇ ಭಾವಿಸಿ ಹಾಡುತ್ತಿದ್ದರು. ಈಗ ಸಿಮೆಂಟಿನ ಗೋರಿಗಳೇ ಹೆಚ್ಚು, ಅವುಗಳ ಮೇಲೆ ಶಿಲುಬೆಯೂ ಇರುತ್ತದೆ.

ಹೊಳೆದಂಡೆ:
ಅಮ್ಮನಿಗೆ ಅಡಿಕೆಯ ವಿಷಯ ಕೇಳಿ ಬಹಳ ಸಮಾಧಾನವಾಗಿದೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು, ದೇಹದ ಮೇಲೆ ಹೊದಿಸಲು ಒಂದು ಹೊಸ ರೇಷ್ಮೆ ಶಲ್ಯ ಕಳುಹಿಸುತ್ತೇನೆ ಎನ್ನುತ್ತಿದ್ದಾರೆ. ನಮ್ಮ ಅಜ್ಜ ಹೋದಾಗ ಊರಿನವರೆಲ್ಲ ಹೀಗೆಯೇ ಹೊದಿಸಿದ್ದರು. ಜಕಾರ್ತಾಕ್ಕೆ ಹೊರಟಿರುವ ಪರಿಚಿತರೊಬ್ಬರ ಕೈಯಲ್ಲಿ ಕೊಡಬಹುದು.

ಹಳೆಹೊತ್ತಿಗೆ:
ದಯವಿಟ್ಟು ಒಂದು ನಿಮಿಷ ತಡೆಯಿರಿ. ಬಟ್ಟೆ ಹೆಣ್ಣು ಕೊಟ್ಟ ಕಡೆಯಿಂದ ಬರುವ ವಸ್ತು ಎಂದು ಮೊದಲೇ ಬರೆದಿದ್ದೇನೆ. ಹೊರಗಿನವನು ತಂದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ, ಆದರೆ ಅದನ್ನು ಯಾವ ಕಡೆಯ ಲೆಕ್ಕಕ್ಕೆ ಬರೆಯಬೇಕು ಎಂದು ಅವರಿಗೆ ಇಕ್ಕಟ್ಟಾಗಬಹುದು. ಗೆಳೆಯನನ್ನು ಕೇಳಿ ಕಳುಹಿಸಿ. ಅಮ್ಮನವರ ಮನಸ್ಸಂತೂ ಸರಿಯಾದ ಜಾಗದಲ್ಲಿದೆ, ಸತ್ತವರನ್ನು ಅಲ್ಲಿ ಬಟ್ಟೆಯ ಮೇಲೆ ಬಟ್ಟೆ ಸುತ್ತಿಯೇ ಗೋರಿಗೆ ಇಳಿಸುತ್ತಾರೆ. ಗುಜರಾತಿನ ಪಟೋಲ ರೇಷ್ಮೆ ಹಿಂದಿನ ಕಾಲದಲ್ಲಿ ಸುಂಬಾದ ಒಡೆಯರ ಮನೆಗಳನ್ನು ಸೇರಿ ಪವಿತ್ರ ಆಸ್ತಿಯಾಗಿತ್ತು, ಆದ್ದರಿಂದ ಭಾರತದ ಬಟ್ಟೆ ಆ ದ್ವೀಪಕ್ಕೆ ಹೊಸದಲ್ಲ.

ನೇರನುಡಿ:
ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ, ಕಡಿಯುವ ಸಂಖ್ಯೆ ಕಡಿಮೆಯಾಗಬೇಕು ಎಂದೇ ಈಗಲೂ ಹೇಳುತ್ತೇನೆ. ಆದರೆ ಪಸೋಲಾ ವಿಷಯದಲ್ಲಿಯೂ ‘ಕೊಳ್ಳುತ್ತಾರೆ’ ಎಂಬ ಪದದಲ್ಲಿಯೂ ನಾನು ತಪ್ಪಿದ್ದೆ, ಒಪ್ಪಿಕೊಳ್ಳುತ್ತೇನೆ. ಒಂದು ಪ್ರಶ್ನೆ: ಇಂಡೊನೇಷ್ಯಾದಲ್ಲಿ ಮರಾಪುವನ್ನು ಧರ್ಮವೆಂದು ಒಪ್ಪುತ್ತಾರೆಯೇ?

ನ್ಯಾಯದೀಪ:
ಬಹಳ ಕಾಲ ಒಪ್ಪಿರಲಿಲ್ಲ. ಗುರುತಿನ ಚೀಟಿಯ ಧರ್ಮದ ಕಲಂನಲ್ಲಿ ಸರ್ಕಾರ ಮಾನ್ಯ ಮಾಡಿದ ಧರ್ಮಗಳಲ್ಲೊಂದನ್ನು ಬರೆಯಬೇಕಿತ್ತು, ಇಲ್ಲವೇ ಖಾಲಿ ಬಿಡಬೇಕಿತ್ತು. ಮಕ್ಕಳ ಜನನಪತ್ರಕ್ಕಾಗಿ, ಶಾಲೆಗಾಗಿ ಎಷ್ಟೋ ಮರಾಪು ಮನೆಗಳು ಕಾಗದದ ಮೇಲೆ ಕ್ರೈಸ್ತರಾದವು. 2017ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಮೂಲನಂಬಿಕೆಯವರೂ ಆ ಕಲಂನಲ್ಲಿ ತಮ್ಮ ನಂಬಿಕೆಯನ್ನು ನಮೂದಿಸಬಹುದು ಎಂದು ತೀರ್ಪು ಕೊಟ್ಟಿತು. 4 ಮಂದಿ ಅರ್ಜಿದಾರರಲ್ಲಿ ಒಬ್ಬರು ಸುಂಬಾದ ಮರಾಪು ಅನುಯಾಯಿ.

ತೋಟದಮನೆ:
2021ರ ಫೆಬ್ರವರಿಯಲ್ಲಿ ಇಂಡೊನೇಷ್ಯಾದ ಆಗಿನ ಅಧ್ಯಕ್ಷ ಜೋಕೋವಿ ಅನಾಕಲಾಂಗ್ ಸೀಮೆಯ ಮಕಾತಾ ಕೆರಿ ಊರಿಗೆ ಒಂದು ಸರ್ಕಾರಿ ಯೋಜನೆಯನ್ನು ನೋಡಲು ಬಂದಿದ್ದರು. 5,000 ಹೆಕ್ಟೇರಿನಲ್ಲಿ ಭತ್ತ ಮತ್ತು ಮೆಕ್ಕೆಜೋಳ ಬೆಳೆಯುವ ದೊಡ್ಡ ಯೋಜನೆ ಅದು. ಕೋಣಗಳ ಹಿಂಡು ಹೊಡೆದು ಕೆಸರು ತುಳಿಸುವ ಗದ್ದೆಗಳಿಗೆ ಟ್ರ್ಯಾಕ್ಟರ್ ಬಂದಿದೆ. ಕೋಣ ಗದ್ದೆಯಿಂದ ಹೊರಬಂದ ಮೇಲೆ ಅದರ ಬೆಲೆ ಸಾವಿನ ಮನೆಯಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂದು ಒಬ್ಬ ರೈತನಾಗಿ ನನಗೆ ತಿಳಿಯುವ ಆಸೆಯಿದೆ. ನಿಮ್ಮ ತಮ್ಮ ಅಲ್ಲಿ ಯಾರನ್ನಾದರೂ ಕೇಳಲಿ.

ಹೊಳೆದಂಡೆ:
ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ತಮ್ಮ ಹೋಗಿ ಬಂದ.

ಶಲ್ಯದ ವಿಷಯವನ್ನು ಗೆಳೆಯ ತನ್ನ ತಾಯಿಯ ಬಳಿ ಕೇಳಿದನಂತೆ. ಆಕೆ ತೀರಿಕೊಂಡ ಹಿರಿಯರ ಸೊಸೆ. ಅದನ್ನು ತನ್ನ ಅಣ್ಣನ ಗುಂಪಿನ ಜೊತೆ ಕಳುಹಿಸಿ, ಅವರು ಯೆರಾ, ಬಟ್ಟೆ ಅವರ ಕೈಯಿಂದ ಬಂದರೆ ಸರಿಹೋಗುತ್ತದೆ ಎಂದರಂತೆ. ಹಾಗಾಗಿ ನನ್ನ ತಮ್ಮ ಗೆಳೆಯನ ಸೋದರಮಾವನ ಗುಂಪಿನೊಂದಿಗೆ, ಹಂದಿ ಹೊತ್ತವರ ಹಿಂದೆ, ಗಾಂಗ್ ಬಾರಿಸುವ ಅಂಗಳಕ್ಕೆ ನಡೆದು ಹೋದ. ಬಾಗಿಲಲ್ಲಿ ಒಬ್ಬ ಹುಡುಗ ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಅಡಿಕೆಯನ್ನು ತಮ್ಮ ಜಗಿದೇಬಿಟ್ಟ, ತಲೆ ಸುತ್ತಿ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ಕುಳಿತಿದ್ದನಂತೆ. ಕೋಣ ಕಡಿಯುವಾಗ ಅವನಿಗೆ ನೋಡಲು ಆಗಲಿಲ್ಲ, ಮನೆಯ ಹಿಂದೆ ಹೋದ. ಯಾರೂ ತಪ್ಪು ತಿಳಿಯಲಿಲ್ಲ. ಪಾಲು ಬಂದಾಗ ಎರಡೂ ಕೈಯಲ್ಲಿ ತೆಗೆದುಕೊಂಡು ಸೋದರಮಾವನ ಗುಂಪಿನ ಒಬ್ಬ ಅಜ್ಜಿಗೆ ಕೊಟ್ಟನಂತೆ, ಆಕೆ ಅವನ ಕೈ ಹಿಡಿದು ಬಹಳ ಹೊತ್ತು ಏನೋ ಹೇಳಿದಳು, ಅವನಿಗೆ ಒಂದು ಪದವೂ ತಿಳಿಯಲಿಲ್ಲ. ತೋಟದಮನೆಯವರ ಪ್ರಶ್ನೆಯನ್ನು ಕೇಳಲು ಸಮಯ ಸಿಗಲಿಲ್ಲ, ಗೆಳೆಯನಿಗೆ ಬರೆದು ಕೇಳುತ್ತೇನೆ ಎಂದಿದ್ದಾನೆ.

ಅಪ್ಪ ಎಲ್ಲವನ್ನೂ ಸುಮ್ಮನೆ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ಕಡಿಯುವ ಮೊದಲು ಅವರು ಏನು ಹೇಳಿದರು ಎಂದು. ಗೆಳೆಯನ ಮನೆಯವರು ಕ್ರೈಸ್ತರಾದ್ದರಿಂದ ಪಾದ್ರಿ ಪ್ರಾರ್ಥನೆ ಮಾಡಿದರು, ಅದು ಮುಗಿದ ಮೇಲೆ ಒಬ್ಬ ಮುದುಕ ಅಂಗಳದ ಅಂಚಿನಲ್ಲಿ ನಿಂತು ಜೋಡಿ ಸಾಲುಗಳಲ್ಲಿ ತಗ್ಗಿದ ದನಿಯಲ್ಲಿ ಏನೋ ನುಡಿದ, ಪಾದ್ರಿ ಮುಗಿಯುವವರೆಗೆ ಕಾದರು ಎಂದು ತಮ್ಮ ಹೇಳಿದ. ಅಮ್ಮನಿಗೆ ತಿಳಿಯಬೇಕಿದ್ದದ್ದು ಶಲ್ಯದ ಸುದ್ದಿ. ಸುತ್ತಿದ ಬಟ್ಟೆಗಳಲ್ಲಿ ಹೊರಗಿನಿಂದ ಮೂರನೆಯದು ಅದು, ನೀಲಿ ಬಟ್ಟೆಯ ಅಡಿಯಲ್ಲಿ ಅದರ ಅಂಚು ಕಾಣುತ್ತಿತ್ತು ಎಂದು ಅವನು ಹೇಳಿದ್ದಾನೆ.